ಹಳೆ ಗೇಮ್ ಸಿಡಿ ಕಾಪಿ ಮಾಡಿ ಹಂಚಬಹುದಾ? ವಕೀಲರಿಗೆ ಪ್ರಶ್ನೆ

ಪ್ರಶ್ನೆ (ಕಂಪ್ಯೂಟರ್ ರಿಪೇರಿ ಅಂಗಡಿ, ಕಲಬುರಗಿ ಸೂಪರ್ ಮಾರ್ಕೆಟ್): ನಮಸ್ಕಾರ್ರಿ ವಕೀಲ್ರೆ. ಗಿರಾಕಿಗಳು 1990ರ ದಶಕದ ಗೇಮ್ ಸಿಡಿ ತಂದು ಪೆನ್‌ಡ್ರೈವ್‌ಗೆ ಹಾಕಿ ಕೊಡ್ರಿ ಅಂತಾರ. ಮಾಡಿದ ಕಂಪನಿನೇ ಮುಚ್ಯಾದ, ಗೇಮ್ ಎಲ್ಲೂ ಮಾರಾಟಕ್ಕಿಲ್ಲ. ಕಾಪಿ ಮಾಡಿ ಕೊಡಬಹುದೇನ್ರಿ? ವಾಟ್ಸ್ಆ್ಯಪ್ ಗ್ರೂಪ್‌ನ್ಯಾಗ ಲಿಂಕ್ ಹಾಕಿದ್ರ?

ವಕೀಲರು: ಲಿಂಕ್ ಮಾತ್ರ ಹಾಕಬೇಡಿ. ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕಂಪನಿ ಮುಚ್ಚಿದರೆ ಅದರ ಹಕ್ಕು ಆಸ್ತಿಯಂತೆ ಇನ್ನೊಬ್ಬರ ಕೈಗೆ ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಸಾಹಿತ್ಯ ಕೃತಿ. ಬರೆದವರ ಆಯುಷ್ಯ, ಅದರ ಮೇಲೆ 60 ವರ್ಷ ರಕ್ಷಣೆ. 90ರ ದಶಕದ ಗೇಮ್‌ಗೆ ಆ ಅವಧಿ ಇನ್ನೂ ತುಂಬಿಲ್ಲ.

ಸ್ವಂತ ಪ್ರತಿಯ ಮಾತು ಬೇರೆ. ಕಲಂ 52(1)ರ (ಎಎ) ಪ್ರಕಾರ ಸಿಡಿ ಕೆಟ್ಟೀತೆಂದು ಬ್ಯಾಕಪ್ ಇಟ್ಟುಕೊಳ್ಳಬಹುದು. (ಎಡಿ) ಪ್ರಕಾರ, ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ವ್ಯಾಪಾರವಲ್ಲದ ಸ್ವಂತ ಬಳಕೆಗೆ ಕಾಪಿ ಮಾಡಬಹುದು. ಮೂಲ ಸಿಡಿ ಅಸಲಿ ಇರಲೇಬೇಕು. ಫುಟ್‌ಪಾತಿನ ಜೆರಾಕ್ಸ್ ಲೇಬಲ್ಲಿನ ಸಿಡಿಗಾಗಲಿ, ನೂರಾರು ಗೇಮ್ ತುಂಬಿದ ನಕಲಿ ಟಿವಿ ಗೇಮ್ ಕ್ಯಾಸೆಟ್‌ಗಾಗಲಿ ಈ ರಕ್ಷಣೆ ಇಲ್ಲ.

ಅಂಗಡಿಯವರು ದುಡ್ಡು ತೆಗೆದುಕೊಂಡರೆ ‘ವ್ಯಾಪಾರವಲ್ಲದ’ ಎಂಬಲ್ಲೇ ತಕರಾರು ಬರುತ್ತದೆ. ಗಿರಾಕಿಯೇ ಮನೆಯಲ್ಲಿ ಮಾಡಿಕೊಳ್ಳುವುದು ಕ್ಷೇಮ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಉಳಿಸಿ ಮುಂದಿನವರಿಗೆ ಕೊಟ್ಟರೆ ಕಲಂ 63: 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಲ್ಲ ಎಂದು ತೋರಿಸಿದರೆ ಕೋರ್ಟು ಕಾರಣ ಬರೆದು ಶಿಕ್ಷೆ ಇಳಿಸಬಹುದು, ಅಷ್ಟೇ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನುರಹಿತ ಅಪರಾಧ ಎಂದಿದೆ, ಪೊಲೀಸರು ವಾರಂಟ್ ಇಲ್ಲದೆಯೂ ಹಿಡಿಯಬಹುದು.

ಇನ್ನೊಬ್ಬರು (ಬೀದರ್): ಕಾಪಿ ಆಗದಂಗ ಸಿಡಿಗೆ ಲಾಕ್ ಹಾಕಿದ್ರ ಒಡೀಬಹುದಾ ಸರ್? ವಿಂಡೋಸ್ 10ರಾಗ ಸೇಫ್‌ಡಿಸ್ಕ್ ಅನ್ನೋ ಲಾಕ್ ಇರೋ ಗೇಮ್ ಅಸಲಿ ಇದ್ರೂ ನಡಿಯಲ್ಲ.

ವಕೀಲರು: ಒಳ್ಳೆಯ ಪ್ರಶ್ನೆ. ಕಲಂ 65ಎ ಶಿಕ್ಷಿಸುವುದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಲಾಕ್ ಒಡೆದವರನ್ನು. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ವಿನಾಯಿತಿ ಇದೆ. ಆದರೆ ಇನ್ನೊಬ್ಬರಿಗಾಗಿ ಲಾಕ್ ಬಿಡಿಸಿಕೊಡುವವರು ಆ ಗಿರಾಕಿಯ ಹೆಸರು, ವಿಳಾಸ, ಗುರುತಿನ ವಿವರ, ಉದ್ದೇಶ ಎಲ್ಲವನ್ನೂ ದಾಖಲೆಯಲ್ಲಿ ಬರೆದಿಡಬೇಕು. ಇದಕ್ಕೊಂದು ರಿಜಿಸ್ಟರ್ ಇಡಿ.

ಹಾಗೆಯೇ ‘ಗೇಮ್‌ನ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಬಿಟ್ಟಿದ್ದಾರೆ’ ಎಂಬ ಮಾತಿಗೆ ಮರುಳಾಗಬೇಡಿ. ‘ಡೂಮ್’ ಗೇಮ್‌ನ ಕೋಡ್ 1997ರಲ್ಲೇ ಹೊರಬಂತು, ಆದರೆ ಚಿತ್ರ, ಸದ್ದು, ಹಂತಗಳಿರುವ ವ್ಯಾಡ್ ಎಂಬ ಫೈಲ್‌ನ ಹಕ್ಕು ಹಾಗೇ ಉಳಿದಿದೆ. ಅದರಲ್ಲಿ ಹಂಚಬಹುದಾದದ್ದು ಮೊದಲ ಎಪಿಸೋಡಿನ ಶೇರ್‌ವೇರ್ (ಉಚಿತವಾಗಿ ಹಂಚಲೆಂದೇ ಬಿಟ್ಟ ಭಾಗ) ಮಾತ್ರ.

ಮತ್ತೊಬ್ಬರು (ಯಾದಗಿರಿ): ಬ್ಯಾಕಪ್ ಮಾಡೋರಿಗೆ ಒಂದ್ ಮಾತ್ರಿ. ಐಎಸ್‌ಒ (ಸಿಡಿನ ಒಂದೇ ಫೈಲ್ ಮಾಡಿದ ಕಾಪಿ) ಮಾಡಿದ್ರ ಡೇಟಾ ಟ್ರ್ಯಾಕ್ ಅಷ್ಟೇ ಬರ್ತದ, ಸಿಡಿಯೊಳಗಿನ ಆಡಿಯೊ ಟ್ರ್ಯಾಕ್ ಬಿಟ್ಟೋಗ್ತಾವ. ಗೇಮ್ ನಡೀತದ, ಮ್ಯೂಸಿಕ್ ಬರಲ್ಲ. ಬಿನ್-ಕ್ಯೂ ಮಾಡ್ರಿ: ಬಿನ್ ಫೈಲ್‌ನ್ಯಾಗ ಎಲ್ಲಾ ಟ್ರ್ಯಾಕ್, ಕ್ಯೂ ಫೈಲ್‌ನ್ಯಾಗ ಅವುಗಳ ಪಟ್ಟಿ ಇರ್ತದ. ಎರಡೂ ಒಂದೇ ಫೋಲ್ಡರ್‌ನ್ಯಾಗ ಇಡ್ರಿ. ಬಿನ್ ಹೆಸರು ಬದಲಿಸಿದ್ರ ಕ್ಯೂ ಫೈಲ್ ನೋಟ್‌ಪ್ಯಾಡ್‌ನ್ಯಾಗ ತೆರೆದು ಅಲ್ಲೂ ಬದಲಿಸ್ರಿ, ಇಲ್ಲಾಂದ್ರ ತೆರೆಯಲ್ಲ.