ಎಲ್ಲ ವಿಭಾಗಗಳ ಸಂಶೋಧನೆಯನ್ನು ಒಂದೇ ಪುಸ್ತಿಕೆಯಲ್ಲಿ ಹೇಳುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ

ನಾನು ರಸಾಯನಶಾಸ್ತ್ರ ವಿಭಾಗದವಳು. ನಮ್ಮ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿರುವ ಸಂಶೋಧನೆಯನ್ನು ಸಾಮಾನ್ಯ ಓದುಗರಿಗೆ ಪರಿಚಯಿಸುವ ಪುಸ್ತಿಕೆಯ ಹೊಣೆ ಈ ಬಾರಿ ನನ್ನ ಹೆಗಲಿಗೆ ಬಿದ್ದಿದೆ. ಎಲ್ಲ ವಿಭಾಗಗಳಿಗೂ ಒಂದೇ ನಮೂನೆ ಕಳುಹಿಸಿದೆ: ಪ್ರಕಟವಾದ ಲೇಖನಗಳೆಷ್ಟು, ಮೊದಲ ಲೇಖಕರು ಯಾರು, ಎಷ್ಟು ಕಡೆ ಉಲ್ಲೇಖವಾಗಿದೆ, ಅನುದಾನ ಎಷ್ಟು. ವಿಜ್ಞಾನ ವಿಭಾಗಗಳು ತುಂಬಿ ಕಳುಹಿಸಿವೆ. ಇತಿಹಾಸದವರು ಅರ್ಧ ತುಂಬಿದ್ದಾರೆ. ಸಂಗೀತದವರು ಖಾಲಿ ಹಾಳೆಯನ್ನೇ ಹಿಂದಿರುಗಿಸಿದ್ದಾರೆ. ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಗ್ರಂಥಾಲಯದಲ್ಲಿರುವವರೊಬ್ಬರ ಉತ್ತರ

ಈ ಕೆಲಸವನ್ನು ನಾನು ಎರಡು ಬಾರಿ ಮಾಡಿದ್ದೇನೆ. ಮೊದಲ ಬಾರಿ ನಾನು ಕಳುಹಿಸಿದ್ದೂ ನಿಮ್ಮಂಥದ್ದೇ ನಮೂನೆ. ಪುಸ್ತಿಕೆ ಅಚ್ಚಾಗಿ ಬಂದಾಗ ಭೌತಶಾಸ್ತ್ರಕ್ಕೆ ಹನ್ನೊಂದು ಪುಟ, ಭಾಷಾ ವಿಭಾಗಕ್ಕೆ ಅರ್ಧ ಪುಟ. ಆ ವಿಭಾಗದ ಪ್ರಾಧ್ಯಾಪಕಿಯೊಬ್ಬರು ಒಂಬತ್ತು ವರ್ಷಗಳಿಂದ ಒಂದು ಹಳೆಯ ಕೃತಿಯ ಗ್ರಂಥಸಂಪಾದನೆಯಲ್ಲಿ, ಅಂದರೆ ಹಸ್ತಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ನಿರ್ಧರಿಸುವ ಕೆಲಸದಲ್ಲಿ, ತೊಡಗಿದ್ದರು. ನನ್ನ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವರ ಹೆಸರಿನ ಮುಂದೆ ‘ಪ್ರಕಟಣೆ: ಇಲ್ಲ’ ಎಂದು ಅಚ್ಚಾಯಿತು. ನೆನೆದರೆ ಇಂದಿಗೂ ಮನಸ್ಸು ಚುರುಕ್ಕೆನ್ನುತ್ತದೆ.

ಎರಡನೆಯ ಬಾರಿ ನಮೂನೆಯನ್ನು ಕೈಬಿಟ್ಟೆ. ವಿಭಾಗಕ್ಕೆ ಇಬ್ಬರನ್ನು ಆರಿಸಿಕೊಂಡು, ಒಬ್ಬೊಬ್ಬರ ಬಳಿ ಅರ್ಧ ದಿನ ಕುಳಿತೆ. ಮೊದಲು ಹೋದದ್ದು ಅದೇ ಪ್ರಾಧ್ಯಾಪಕಿಯ ಕೋಣೆಗೆ. ಮೇಜಿನ ಮೇಲೆ ಒಂದೇ ಕೃತಿಯ ಮೂರು ಹಸ್ತಪ್ರತಿಗಳ ಚಿತ್ರಗಳು. ಒಂದರಲ್ಲಿ ಒಂದು ಸಾಲೇ ಇಲ್ಲ. ಬಿಟ್ಟುಹೋದ ಸಾಲೂ ಅದರ ಹಿಂದಿನದೂ ಒಂದೇ ಪದದಿಂದ ಮುಗಿಯುತ್ತವೆ ಎಂದು ಬೆರಳಿಟ್ಟು ತೋರಿಸಿದರು. ಮೊದಲ ಸಾಲು ಬರೆದು ಮುಗಿಸಿದ ಲಿಪಿಕಾರ ಮತ್ತೆ ಮೂಲವನ್ನು ನೋಡುವಾಗ ಅವನ ಕಣ್ಣು ಎರಡನೆಯ ಸಾಲಿನ ಕೊನೆಗೆ ಜಾರಿದೆ. ಅದೇ ಸಾಲು ಇನ್ನೊಂದು ಪ್ರತಿಯಲ್ಲೂ ಇಲ್ಲ. ‘ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಇಂಥವು ಹದಿನಾಲ್ಕು ಸಿಕ್ಕಿವೆ. ಈ ಎರಡೂ ಪ್ರತಿಗಳು ಒಂದೇ ಮೂಲದಿಂದ ಇಳಿದವು’ ಎಂದರು. ಆ ಹದಿನಾಲ್ಕನ್ನು ಹುಡುಕಲು ಅವರಿಗೆ ಹಿಡಿದದ್ದು ಎರಡು ವರ್ಷ.

ಮರುವಾರ ಜೀವವಿಜ್ಞಾನ ವಿಭಾಗದಲ್ಲಿ ಕುಳಿತಾಗ ನನಗೆ ಮೈ ಜುಮ್ಮೆಂದಿತು. ಅಲ್ಲಿನ ಯುವ ಸಂಶೋಧಕ ಕಪ್ಪೆಗಳ ಡಿಎನ್ಎ ಸರಣಿಗಳನ್ನು ಒಂದರ ಕೆಳಗೊಂದು ಜೋಡಿಸಿಟ್ಟು, ಯಾವ ಬದಲಾವಣೆಗಳು ಯಾವ ಯಾವ ಪ್ರಭೇದಗಳಲ್ಲಿ ಒಟ್ಟಿಗೆ ಕಾಣುತ್ತವೆ ಎಂದು ನೋಡಿ ವಂಶವೃಕ್ಷ ಕಟ್ಟುತ್ತಿದ್ದ. ತರ್ಕ ಅದೇ! ಈ ಎರಡು ವಿದ್ಯೆಗಳು ಕೈಜೋಡಿಸಿದ್ದೂ ಉಂಟು. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವು ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನ ಒಂದು ಭಾಗವನ್ನು ತೆಗೆದುಕೊಂಡು, ಅದರ 15ನೆಯ ಶತಮಾನದ 58 ಹಸ್ತಪ್ರತಿಗಳ ಸಂಬಂಧವನ್ನು ಜೀವವಿಜ್ಞಾನಿಗಳ ವಂಶವೃಕ್ಷ ವಿಧಾನದಿಂದಲೇ ಪರಿಶೀಲಿಸಿತು. ನಮ್ಮ ಪ್ರಾಧ್ಯಾಪಕಿಯೂ ಆ ಯುವ ಸಂಶೋಧಕನೂ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ. ಪುಸ್ತಿಕೆಯಲ್ಲಿ ಇಬ್ಬರನ್ನೂ ಎದುರುಬದುರು ಪುಟಗಳಲ್ಲಿ ಹಾಕಿದೆ.

ನಾನು ಎಲ್ಲರಿಗೂ ಕೇಳಿದ್ದು ಮೂರೇ ಪ್ರಶ್ನೆ. ದಿನವಿಡೀ ನಿಮ್ಮ ಕಣ್ಣೆದುರು ಏನಿರುತ್ತದೆ? ಯಾವುದನ್ನು ಪುರಾವೆ ಎಂದು ಒಪ್ಪುತ್ತೀರಿ? ನೀವು ತಪ್ಪಿದ್ದೀರಿ ಎಂದು ನಿಮಗೆ ಹೇಗೆ ತಿಳಿಯುತ್ತದೆ? ಮೂರನೆಯದನ್ನು ಬಿಡಲೇಬೇಡಿ. ಗಣಿತಜ್ಞರು ‘ಒಂದೇ ಒಂದು ವಿರುದ್ಧ ಉದಾಹರಣೆ ಸಾಕು’ ಎಂದರು. ಇತಿಹಾಸಕಾರರು ‘ಬೇರೆ ತಾರೀಖಿನ ಒಂದು ಪತ್ರ ಸಿಕ್ಕರೆ ಅಧ್ಯಾಯವನ್ನೇ ತಿರುಗಿ ಬರೆಯುತ್ತೇನೆ’ ಎಂದರು. ಮಾನವಶಾಸ್ತ್ರದವರು ಬಹಳ ಹೊತ್ತು ಯೋಚಿಸಿ, ‘ನಾನು ಯಾರ ಬಗ್ಗೆ ಬರೆದೆನೋ ಅವರೇ ಓದಿ ಹಾಗಲ್ಲವೆಂದು ತಲೆಯಲ್ಲಾಡಿಸಿದಾಗ’ ಎಂದರು.

ಗಣಿತ ವಿಭಾಗದಿಂದ

‘ಮೊದಲ ಲೇಖಕರು’ ಎಂಬ ಕಲಂ ತೆಗೆದುಬಿಡಿ. ನಮ್ಮಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ ಬರುತ್ತವೆ, ಮೊದಲ ಹೆಸರಿಗೆ ವಿಶೇಷ ಅರ್ಥವಿಲ್ಲ. ಜೀವವಿಜ್ಞಾನದಲ್ಲಿ ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಹೆಚ್ಚಾಗಿ ಕೊನೆಯಲ್ಲಿರುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿ ಕುರಿತು 2015ರಲ್ಲಿ ಪ್ರಕಟವಾದ ಲೇಖನಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಅವರ ಮತ್ತು ಅವರ ಸಂಸ್ಥೆಗಳ ಹೆಸರು. ಅದನ್ನೂ ಒಬ್ಬರೇ ಕುಳಿತು ಬರೆದ ಇತಿಹಾಸ ಗ್ರಂಥವನ್ನೂ ‘ಪ್ರಕಟಣೆ: 1’ ಎಂದು ಎಣಿಸಿದರೆ ಏನು ತಿಳಿದಂತಾಯಿತು? ಉಲ್ಲೇಖಗಳ ಲೆಕ್ಕವೂ ಹಾಗೆಯೇ. ಸಂಶೋಧಕರ ಲೇಖನಗಳನ್ನೂ ಅವಕ್ಕೆ ಬಂದ ಉಲ್ಲೇಖಗಳನ್ನೂ ಒಂದೇ ಅಂಕಿಯಲ್ಲಿ ಹೇಳುವ ಎಚ್-ಸೂಚ್ಯಂಕವನ್ನು 2005ರಲ್ಲಿ ಮುಂದಿಟ್ಟ ಭೌತವಿಜ್ಞಾನಿ ಹಿರ್ಷ್ ಅವರೇ ಅದರ ಮೌಲ್ಯಗಳು ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತವೆ ಎಂದು ತಮ್ಮ ಲೇಖನದಲ್ಲಿ ತಿಳಿಸಿದ್ದರು.

ಔಷಧ ವಿಜ್ಞಾನದವರೊಬ್ಬರು

ನೀವು ರಸಾಯನಶಾಸ್ತ್ರದವರಾದ್ದರಿಂದ ಇತಿಹಾಸದವರ ಬಳಿ ಹೋಗುವಾಗ ಈ ಕಥೆ ನೆನಪಿನಲ್ಲಿರಲಿ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ಟು ಯೂಯೂ ಅವರ ತಂಡಕ್ಕೆ ಚಿಂಗ್‌ಹಾವ್ ಗಿಡದ ಸಾರ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೈಕೊಡುತ್ತಿತ್ತು. ಅವರು 4ನೆಯ ಶತಮಾನದ ಗೆ ಹೊಂಗ್ ಬರೆದ ವೈದ್ಯಗ್ರಂಥಕ್ಕೆ ಮರಳಿದರು. ಅಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದಿತ್ತು, ಕುದಿಸುವ ಮಾತಿರಲಿಲ್ಲ. ಬಿಸಿಯೇ ಮದ್ದಿನ ಗುಣವನ್ನು ಕೆಡಿಸುತ್ತಿರಬಹುದೆಂದು ಅವರಿಗೆ ಹೊಳೆಯಿತು. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈಥರ್ ಬಳಸಿದರು. 1971ರಲ್ಲಿ ಸಿದ್ಧವಾದ ಆ ಸಾರದಿಂದ ಮುಂದೆ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದು ದೊರೆಯಿತು. 2015ರಲ್ಲಿ ನೊಬೆಲ್ ಬಂತು. ಹಳೆಯ ಪಠ್ಯವೊಂದನ್ನು ಎಚ್ಚರದಿಂದ ಓದಿದ್ದು ಅಲ್ಲಿ ಪ್ರಯೋಗದಷ್ಟೇ ಮುಖ್ಯವಾಗಿತ್ತು.

ಸಂಗೀತ ವಿಭಾಗದಿಂದ

ಖಾಲಿ ಹಾಳೆ ಬಂದದ್ದು ಉದಾಸೀನದಿಂದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹಳೆಯ ಸ್ವರಲಿಪಿಯೊಂದರಲ್ಲಿ ಒಂದು ಚಿಹ್ನೆಯನ್ನು ಹೇಗೆ ಹಾಡುತ್ತಿದ್ದರೆಂದು ತಿಳಿಯಲು ನಾನು ಅದನ್ನು ಹತ್ತಾರು ರೀತಿಯಲ್ಲಿ ಹಾಡಿ ಧ್ವನಿಮುದ್ರಿಸಿದೆ. ಯಾವ ರೀತಿಯಲ್ಲಿ ಉಸಿರು ಮುಂದಿನ ಪದಕ್ಕೆ ಮುಟ್ಟುತ್ತದೆ, ಯಾವುದರಲ್ಲಿ ಮುಟ್ಟುವುದಿಲ್ಲ ಎಂಬ ಟಿಪ್ಪಣಿಗಳೇ ನನ್ನ ದತ್ತಾಂಶ. ನಮೂನೆಯ ಯಾವ ಕಲಂನಲ್ಲಿ ಬರೆಯಲಿ? ಬ್ರಿಟನ್ನಿನ 2014 ಮತ್ತು 2021ರ ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನಗಳು ಪುಸ್ತಕ, ಲೇಖನಗಳ ಜೊತೆಗೆ ಸಂಗೀತ ರಚನೆ, ಪ್ರದರ್ಶನ, ವಿನ್ಯಾಸಗಳನ್ನೂ ಸಂಶೋಧನೆಯ ಫಲವೆಂದು ಸ್ವೀಕರಿಸಿದವು. ನೀವು ಬಂದು ಒಮ್ಮೆ ಕೇಳಿ; ಪುಸ್ತಿಕೆಯಲ್ಲಿ ಧ್ವನಿಮುದ್ರಣಕ್ಕೆ ಕೊಂಡಿ ಕೊಡಿ.

ಅನುವಾದ ಮಾಡುವವರೊಬ್ಬರು

ಪುಸ್ತಿಕೆ ಕನ್ನಡದಲ್ಲಿ ಬರುವುದಾದರೆ ಒಂದು ಎಚ್ಚರಿಕೆ. ‘ಮಾದರಿ’ ಎಂದರೆ ಮಣ್ಣಿನ ವಿಜ್ಞಾನಿಗೆ ಚೀಲದಲ್ಲಿ ತಂದ ಮಣ್ಣು, ಅರ್ಥಶಾಸ್ತ್ರಜ್ಞರಿಗೆ ಸಮೀಕರಣಗಳ ಗುಚ್ಛ, ತಳಿವಿಜ್ಞಾನಿಗೆ ಹಣ್ಣಿನ ನೊಣ. ‘ಕ್ಷೇತ್ರ’ವೂ ಹಾಗೆ: ಜಾನಪದ ವಿದ್ವಾಂಸರು ಅಲ್ಲಿಗೆ ನಡೆದು ಹೋಗುತ್ತಾರೆ, ಭೌತವಿಜ್ಞಾನಿ ಅದರ ತೀವ್ರತೆಯನ್ನು ಅಳೆಯುತ್ತಾರೆ. ಒಮ್ಮೆ ಸಂಪಾದಕರು ಏಕರೂಪ ತರಲೆಂದು ‘ಸ್ಯಾಂಪಲ್’ ಇದ್ದಲ್ಲೆಲ್ಲ ‘ಮಾದರಿ’ ಎಂದು ತಿದ್ದಿದರು. ಹವಾಮಾನ ಲೇಖನದಲ್ಲಿ ಕಂಪ್ಯೂಟರ್ ಮಾದರಿ ಯಾವುದು, ಬಾಟಲಿಯಲ್ಲಿದ್ದ ನೀರು ಯಾವುದು ಎಂದು ಬರೆದವರಿಗೇ ಗೊತ್ತಾಗದಂತಾಯಿತು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಟವನ್ನೂ ಆಯಾ ಸಂಶೋಧಕರಿಗೆ ಕಳುಹಿಸಿ, ತಿದ್ದಲು ಒಂದು ವಾರವಾದರೂ ಕೊಡಿ.