ಹಾಸ್ಟೆಲ್ ರೂಮಲ್ಲಿ ಲ್ಯಾನ್ ಕೇಬಲ್ ಹಾಕಿದ್ರೂ ನೆಟ್ ಬರ್ತಿಲ್ಲ, ಯಾರಾದ್ರೂ ಹೇಳ್ತೀರಾ?

ಮೂರನೇ_ಸೆಮ್:
ಎಲ್ರಿಗೂ ನಮಸ್ಕಾರ. ಇಂಜಿನಿಯರಿಂಗ್ ಹಾಸ್ಟೆಲಲ್ಲಿ ಇದೀನಿ, ರಾತ್ರಿ ಊಟ ಆದ್ಮೇಲೆ ವೈಫೈ ಎಷ್ಟು ಸ್ಲೋ ಅಂದ್ರೆ ಲೆಕ್ಚರ್ ವಿಡಿಯೋ ಬರೀ ಸುತ್ತುತ್ತಾ ಇರುತ್ತೆ. ಮಂಚದ ಹಿಂದೆ ಗೋಡೇಲಿ ಲ್ಯಾನ್ ಪೋರ್ಟ್ ಇದೆ, ಲ್ಯಾಪ್‌ಟಾಪಲ್ಲಿ ಪೋರ್ಟ್ ಇಲ್ಲ ಅಂತ ಯುಎಸ್‌ಬಿ ಅಡಾಪ್ಟರ್ ತಗೊಂಡೆ, ಕೇಬಲ್ ಹಾಕಿದ್ರೆ ಲೈಟ್ ಮಿಣುಕುತ್ತೆ ಆದ್ರೆ ನೆಟ್ ಇಲ್ಲ, ಐಪಿ (ನೆಟ್‌ವರ್ಕಲ್ಲಿ ಲ್ಯಾಪ್‌ಟಾಪಿನ ವಿಳಾಸದ ನಂಬರ್) 169.254 ಅಂತ ಶುರುವಾಗುತ್ತೆ. ರೂಮಲ್ಲಿ ಮೂರು ಜನ ಇದೀವಿ, ಮನೇಲಿರೋ ಹಳೇ ರೂಟರ್ ತಂದು ಹಾಕ್ಬಹುದಾ?

ಕೇಬಲ್_ಅಣ್ಣ:
ಲೈಟ್ ಬರ್ತಿದೆ ಅಂದ್ರೆ ಆ ಕಡೆ ಸ್ವಿಚ್ (ಎಲ್ಲಾ ರೂಮಿನ ಲ್ಯಾನ್ ಕೇಬಲ್ ಸೇರೋ ಡಬ್ಬಿ) ತನಕ ವೈರ್ ಸರಿ ಇದೆ, ಅದು ಒಳ್ಳೇದು. 169.254 ಅಂದ್ರೆ ನಿಂಗೆ ಯಾರೂ ಐಪಿ ಕೊಟ್ಟಿಲ್ಲ, ಲ್ಯಾಪ್‌ಟಾಪೇ ತನಗೆ ತಾನೇ ಒಂದು ನಂಬರ್ ಹಾಕ್ಕೊಂಡಿದೆ ಅಂತ. ಮೊದ್ಲು ಐಪಿವಿ4 ಸೆಟ್ಟಿಂಗ್ ಆಟೋಮ್ಯಾಟಿಕ್ ಇದ್ಯಾ ನೋಡು. ಇದ್ರೆ, ಬಹುಶಃ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಅಡಾಪ್ಟರಿಗೆ ಇರೋ ಗುರುತಿನ ನಂಬರ್) ಕಾಲೇಜಲ್ಲಿ ರಿಜಿಸ್ಟರ್ ಆಗಿಲ್ಲ. ತುಂಬಾ ಕಾಲೇಜಲ್ಲಿ ರಿಜಿಸ್ಟರ್ ಆಗಿರೋ ಮ್ಯಾಕ್‌ಗೆ ಮಾತ್ರ ನೆಟ್ ಬಿಡ್ತಾರೆ. ವೈಫೈದು ಬೇರೆ ಮ್ಯಾಕ್, ಅಡಾಪ್ಟರ್‌ದು ಬೇರೆ, ಅದಕ್ಕೆ ಅಡಾಪ್ಟರ್‌ದನ್ನೇ ಬರ್ಕೊಂಡು ಹೋಗಿ ಕಂಪ್ಯೂಟರ್ ಸೆಂಟರಲ್ಲಿ ಕೊಡು.

ನೆಟ್‌ವರ್ಕ್_ಲ್ಯಾಬ್:
ರೂಟರ್ ವಿಷ್ಯ ಮಾತ್ರ ದಯವಿಟ್ಟು ಕೇಳದೆ ಹಾಕ್ಬೇಡಪ್ಪ. ಗೋಡೆಯಿಂದ ಬರೋ ಕೇಬಲ್ ರೂಟರಿನ ವ್ಯಾನ್ (WAN, ಹೊರಗಿನ ನೆಟ್ ಒಳಗೆ ಬರೋ) ಪೋರ್ಟಿಗೆ ಹೋಗ್ಬೇಕು, ಗೊತ್ತಿಲ್ದೆ ಪಕ್ಕದ ಲ್ಯಾನ್ ಪೋರ್ಟಿಗೆ ಚುಚ್ಚಿದ್ರೆ ನಿನ್ ರೂಟರ್ ಇಡೀ ಫ್ಲೋರಿಗೆ 192.168 ಅಂತ ಐಪಿ ಹಂಚೋಕೆ ಶುರು ಮಾಡುತ್ತೆ, ಅದನ್ನ ತಗೊಂಡೋರಿಗೆಲ್ಲಾ ನೆಟ್ ಹೋಗುತ್ತೆ, ಯಾಕೆ ಹೋಯ್ತು ಅಂತ ಅವ್ರಿಗೆ ಗೊತ್ತೂ ಆಗಲ್ಲ. ಮಾರನೇ ದಿನ ಪರೀಕ್ಷೆ ಇರೋರ ಗತಿ ಯೋಚ್ನೆ ಮಾಡು. ಸ್ವಿಚ್ಚಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಹೀಗೆ ಬೇರೆ ರೂಟರ್ ಐಪಿ ಹಂಚದಂತೆ ಕಾಯೋ ಸೆಟ್ಟಿಂಗ್) ಆನ್ ಇದ್ರೆ ತಡೆಯುತ್ತೆ, ಆದ್ರೆ ಎಲ್ಲಾ ಕಡೆ ಆನ್ ಇರಲ್ಲ. ಮೂರು ಜನಕ್ಕೂ ಬೇಕಂದ್ರೆ ವಾರ್ಡನ್ ಹತ್ರ ಪರ್ಮಿಷನ್ ತಗೊಂಡು 5 ಪೋರ್ಟಿನ ಚಿಕ್ಕ ಸ್ವಿಚ್ ಹಾಕಿ. ಒಂದು ಪೋರ್ಟಿಗೆ ಒಂದೇ ಮ್ಯಾಕ್ ಅಂತ ಲಾಕ್ ಮಾಡಿದ್ರೆ ಸ್ವಿಚ್ಚೂ ನಡೆಯಲ್ಲ, ಅದನ್ನೂ ಕೇಳ್ಕೊ.

ಮೂರನೇ_ಸೆಮ್:
ಮ್ಯಾಕ್ ಕೊಟ್ಟೆ ಅಣ್ಣ, ಸಂಜೆಗೆ ನೆಟ್ ಬಂತು!! ತುಂಬಾ ಥ್ಯಾಂಕ್ಸ್. ರೂಟರ್ ಐಡಿಯಾ ಬಿಟ್ಟೆ. ಆದ್ರೆ ಸ್ಪೀಡ್ 94 ಎಂಬಿಪಿಎಸ್ ದಾಟ್ತಾನೇ ಇಲ್ಲ, ಪಕ್ಕದ ರೂಮವ್ರಿಗೆ ಅದಕ್ಕಿಂತ ಜಾಸ್ತಿ ಬರುತ್ತೆ.

ಕೇಬಲ್_ಅಣ್ಣ:
94 ಅಂದ್ರೆ ಲಿಂಕ್ 100ಕ್ಕೆ ನಿಂತಿದೆ. 100ಕ್ಕೆ ಕೇಬಲ್ ಒಳಗಿನ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು, ಉಳಿದ ನಾಲ್ಕರಲ್ಲಿ ಒಂದು ಎಳೆ ಕ್ರಿಂಪಿಂಗಲ್ಲಿ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸೋವಾಗ) ಕೂತಿಲ್ಲ ಅಂದ್ರೂ 100ಕ್ಕೆ ಇಳಿಯಬಹುದು. ಪಕ್ಕದ ರೂಮಿನ ಕೇಬಲ್ ಐದು ನಿಮಿಷ ಇಸ್ಕೊಂಡು ಹಾಕಿ ನೋಡು. ಅದ್ರಲ್ಲೂ 94 ಬಂದ್ರೆ ಅಡಾಪ್ಟರ್ ಡಬ್ಬಿ ನೋಡು, 10/100 ಅಂತ ಇದ್ರೆ ಅದರ ಮಿತಿನೇ ಅಷ್ಟು. ಕೇಬಲ್ಲೇ ಹೋಗಿದ್ರೆ ಕ್ಯಾಟ್ 5ಇ ತಗೊ, 100 ಮೀಟರ್ ತನಕ ಗಿಗಾಬಿಟ್ ಹೋಗುತ್ತೆ, ರೂಮೊಳಗೆ ಅದಕ್ಕಿಂತ ದುಬಾರಿದು ಬೇಡ.