ಸಹಾಯ ಬೇಕು: ಎಲ್4-ಎಲ್5 ಡಿಸ್ಕ್, ಯಾವ ಸ್ಪೈನ್ ಸರ್ಜನ್ ಕಡೆ ತೋರಸೂದು?

ನಮಸ್ಕಾರ್ರಿ, ಊರು ವಿಜಯಪುರ. ಅವ್ವಗ 58 ವರ್ಷ. ಎಂಆರ್‌ಐದಾಗ ಎಲ್4-ಎಲ್5 ಡಿಸ್ಕ್ (ಸೊಂಟದ 4, 5ನೇ ಮಣಿ ನಡುವಿನ ಮೆತ್ತಿ) ಜಾರಿ ಎಡಗಡೆ ಕಾಲಿಗೆ ಹೋಗೋ ಎಲ್5 ನರ ಒತ್ತೈತಿ. ಗುಳಿಗಿ, ಫಿಸಿಯೋಥೆರಪಿ, ನರದ ಬುಡಕ್ಕ ಸ್ಟಿರಾಯ್ಡ್ ಇಂಜೆಕ್ಷನ್ ಎಲ್ಲಾ ಆತು. ಈಗ ಕಾಲಿನ ಹೆಬ್ಬೆರಳು ಮ್ಯಾಲೆತ್ತೋ ಶಕ್ತಿ ಕಡಿಮಿ ಆಗಾಕತ್ತೈತಿ, ಅದಕ್ಕ ಇನ್ನ ತಡ ಮಾಡೂದು ಬ್ಯಾಡ ಅಂತ. ಮೂತ್ರ ಕಟ್ಟಿಲ್ಲ, ಕಟ್ಟಿದ್ರ ಅವತ್ತೇ ಎಮರ್ಜೆನ್ಸಿಗೆ ಒಯ್ಯಬೇಕಾಗ್ತಿತ್ತು.

ಎಂಎಸ್ ಆರ್ಥೋ ಆದವರು (ಎಲುಬಿನ ಸರ್ಜನ್) ಸ್ಕ್ರೂ, ರಾಡ್ ಹಾಕಿ ಫ್ಯೂಜನ್, ಅಂದ್ರ ಎರಡು ಮಣಿ ಕೂಡಿಸೂದು, ಅಂತಾರ. ನ್ಯೂರೋಸರ್ಜರಿಯೊಳಗ ಎಂಸಿಎಚ್ (ಮ್ಯಾಲಿನ ಡಿಗ್ರಿ) ಆದವರು ಮೈಕ್ರೋಡಿಸೆಕ್ಟಮಿ, ಅಂದ್ರ ನರ ಒತ್ತೋ ಡಿಸ್ಕ್ ತುಣುಕಷ್ಟ ತಗಿಯೂದು, ಸಾಕು ಅಂತಾರ. ಬಗ್ಗಿಸಿ ತಗದ ಎಕ್ಸ್‌ರೇದಾಗ ಮಣಿ ಅಲುಗಾಡಿಲ್ಲ, ಹಂಗಿದ್ರ ಫ್ಯೂಜನ್ ಯಾಕಂತ ತಿಳೀವಲ್ದು. ಎರಡೂ ಕಡೆಯವರು ಸ್ಪೈನ್ ಆಪರೇಷನ್ ಮಾಡ್ತಾರ. ಡಿಗ್ರಿ ನಂತರದ ಸ್ಪೈನ್ ಫೆಲೋಶಿಪ್ಪೇ (ಬೆನ್ನೆಲುಬಿನ ವಿಶೇಷ ತರಬೇತಿ) ನೋಡಬೇಕು ಅನಸ್ತೈತಿ.

ಬೆಳಗಾವಿ, ಬಾಗಲಕೋಟಿ ಕಡೆ ಎಫ್‌ಎನ್‌ಬಿ ಸ್ಪೈನ್ (ಅಂಥಾ ಒಂದು ಫೆಲೋಶಿಪ್) ಮಾಡಿ, ಮೈಕ್ರೋಸ್ಕೋಪಿನಾಗ ಡಿಸ್ಕ್ ಆಪರೇಷನ್ ಕಾಯಂ ಮಾಡೋರು ಯಾರದಾರ್ರಿ? ಮಣಿ ಗಟ್ಟಿ ಇದ್ದಾಗೂ ಫ್ಯೂಜನ್ ಬೇಕಾಗೋ ಕಾರಣ ಏನಿರತಾವು?